ಹುಟ್ಟಿದ ಊರಿನ ಸಾಲು

ಕೇಳುಗರಿಗೆ ನಮಸ್ಕಾರ.

ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿದ್ದು ನಿವೃತ್ತನಾದವನು ನಾನು. ಹಾಗಾಗಿ ಬಸವನಗುಡಿಯ ಬೆಳಗಿನ ನಡಿಗೆಯಲ್ಲಿ ಯಾರೇ ಜೊತೆಯಾಗಲಿ, ನಾಲ್ಕನೇ ಮಾತಿಗೆ ಅಮೆರಿಕದ ಗ್ರೀನ್ ಕಾರ್ಡ್ ಬಂದೇ ಬರುತ್ತದೆ. ‘ಮಗನ ಅರ್ಜಿ ಹೋಗಿ ಹತ್ತು ವರ್ಷವಾಯಿತು ಸರ್. ಅವನ ಜೊತೆಗೆ ಕೆಲಸ ಮಾಡುವ ಬ್ರೆಜಿಲಿನವನಿಗೆ ಆಗಲೇ ಕೈಗೆ ಬಂದಿದೆಯಂತೆ. ನಮ್ಮವನು ಮಾಡಿದ ತಪ್ಪೇನು?’ ತಪ್ಪೇನೂ ಇಲ್ಲ. ಬೆಂಗಳೂರಿನಲ್ಲಿ ಹುಟ್ಟಿದ, ಅಷ್ಟೇ.

ಉದ್ಯೋಗ ಮತ್ತು ಹೂಡಿಕೆಯ ದಾರಿಯಲ್ಲಿ ಅಮೆರಿಕ ವರ್ಷಕ್ಕೆ ಕೊಡುವುದು ಸುಮಾರು 1,40,000 ಗ್ರೀನ್ ಕಾರ್ಡ್. 1990ರ ಕಾನೂನು ಕಟ್ಟಿದ ಲೆಕ್ಕ ಅದು. ಸಂಗಾತಿ, ಮಕ್ಕಳೂ ಅದರೊಳಗೇ. ಅದರಲ್ಲಿ ಒಂದು ದೇಶಕ್ಕೆ ಶೇಕಡಾ 7ರ ಮಿತಿ. ಭಾರತದಿಂದ ಅರ್ಜಿ ಹಾಕುವವರು ಅದಕ್ಕಿಂತ ಬಹಳ ಹೆಚ್ಚು, ಅದಕ್ಕೇ ನಮ್ಮ ಸಾಲು ಉದ್ದ. ದೇಶ ಎಂದರೆ ಪಾಸ್‌ಪೋರ್ಟಿನ ದೇಶವಲ್ಲ, ಹುಟ್ಟಿದ ದೇಶ. ಕೆನಡಾದ ಪ್ರಜೆಯಾಗಿ ಬಂದರೂ ಬೆಂಗಳೂರಿನಲ್ಲಿ ಹುಟ್ಟಿದವನು ಭಾರತದ ಸಾಲಿನಲ್ಲೇ ನಿಲ್ಲಬೇಕು.

ಇದೇ ನಿಯಮ ಕೆಲವರಿಗೆ ವರವೂ ಹೌದು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮಕ್ಕಳು ಅಪ್ಪನ ನೌಕರಿಯ ದೆಸೆಯಿಂದ ಕುವೈತಿನಲ್ಲೋ ಮಸ್ಕತ್ತಿನಲ್ಲೋ ಹುಟ್ಟಿದ್ದಾರೆ. ಅಂಥ ಹುಡುಗಿ ಆ ದೇಶದ ಸಾಲಿಗೆ ಸೇರುತ್ತಾಳೆ. ಅವಳನ್ನು ಮದುವೆಯಾದ ಬೆಂಗಳೂರಿನ ಹುಡುಗನೂ ಅವಳ ಸಾಲನ್ನೇ ಬಳಸಿಕೊಳ್ಳಬಹುದು. ಜನ್ಮಸ್ಥಳ ಕೇಳಿ ಕುಂಡಲಿ ಹಾಕುವ ಜೋಯಿಸರಿಗೂ ಈ ಯೋಗ ಹೊಳೆದಿರಲಾರದು. ಮಗು ಹುಟ್ಟಿದ ಜಾಗದಿಂದ ಮಾತ್ರ ತಂದೆತಾಯಿಗೆ ಈ ಲಾಭವಿಲ್ಲ.

ಉದ್ಯೋಗದ ದಾರಿ ಹಿಡಿದವರಲ್ಲಿ ಹೆಚ್ಚಿನವರಿಗೆ, ಈ ಕೆಲಸಕ್ಕೆ ಅರ್ಹ ಅಮೆರಿಕನ್ನರು ಸಿಗಲಿಲ್ಲ ಎಂದು ಕಂಪನಿ ಅಲ್ಲಿನ ಕಾರ್ಮಿಕ ಇಲಾಖೆಗೆ ತೋರಿಸಬೇಕು. ಆ ಅರ್ಜಿ ಸಲ್ಲಿಸಿದ ದಿನವೇ ‘ಪ್ರಯಾರಿಟಿ ಡೇಟ್’, ಸಾಲಿನಲ್ಲಿ ನಿಮ್ಮ ಟೋಕನ್. ಅದರ ವಕೀಲರ ಶುಲ್ಕವನ್ನು ಕಂಪನಿಯೇ ಕೊಡಬೇಕು. ನೌಕರನಿಂದ ವಸೂಲಿ ಮಾಡುವಂತಿಲ್ಲ. ಯಾವ ದಿನಾಂಕದವರ ಸರದಿ ಬಂದಿದೆ ಎಂದು ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಪ್ರಕಟಿಸುತ್ತದೆ. 2025ರಲ್ಲಿ ಭಾರತೀಯರ ಎರಡನೇ ವರ್ಗ, ಅಂದರೆ ಮುಖ್ಯವಾಗಿ ಉನ್ನತ ಪದವಿ ಪಡೆದವರ ಸಾಲು, ಇನ್ನೂ 2012-13ರ ದಿನಾಂಕಗಳಲ್ಲೇ ತೆವಳುತ್ತಿತ್ತು. ಕಂಪನಿ ಬದಲಿಸಿದರೆ ಕಾಗದಪತ್ರ ಮೊದಲಿನಿಂದ ಮಾಡಬೇಕು ನಿಜ. ಆದರೆ ನೌಕರನ ಪರವಾಗಿ ಕಂಪನಿ ವಲಸೆ ಇಲಾಖೆಗೆ ಹಾಕುವ ಐ-140 ಎಂಬ ಅರ್ಜಿ ಮಂಜೂರಾಗಿದ್ದರೆ ಹಳೆಯ ದಿನಾಂಕ ಸಾಮಾನ್ಯವಾಗಿ ಉಳಿಯುತ್ತದೆ. ಇದು ತಿಳಿಯದೆ ಸಹಿಸಲಾಗದ ಕಡೆಯೇ ದುಡಿಯುತ್ತಿರುವವರನ್ನು ನಾನು ಕಂಡಿದ್ದೇನೆ.

ಕಾದು ಬೇಸತ್ತವರು ಹೂಡಿಕೆಯ ಮಾತೆತ್ತುತ್ತಾರೆ. 2022ರ ಕಾನೂನಿನ ಪ್ರಕಾರ ಗ್ರಾಮೀಣ ಅಥವಾ ನಿರುದ್ಯೋಗ ಹೆಚ್ಚಿರುವ ಪ್ರದೇಶದಲ್ಲಾದರೆ 8 ಲಕ್ಷ ಡಾಲರ್, ಉಳಿದೆಡೆ ಸಾಮಾನ್ಯವಾಗಿ 10.5 ಲಕ್ಷ. ಹತ್ತು ಜನರಿಗೆ ಪೂರ್ಣಾವಧಿ ಕೆಲಸ ಸೃಷ್ಟಿಯಾಗಬೇಕು. ಮೊದಲ ಎರಡು ವರ್ಷದ ಕಾರ್ಡು ಷರತ್ತಿನದು. ಹಣ ವಾಪಸು ಬರುವ ಖಾತರಿ ಯಾರೂ ಕೊಡುವಂತಿಲ್ಲ. ಕೊಟ್ಟರೆ ಅದು ಹೂಡಿಕೆಯೇ ಅಲ್ಲವೆನ್ನುತ್ತದೆ ಅಲ್ಲಿನ ನಿಯಮ. ಹೋಟೆಲಿನ ಸಭೆಗಳಲ್ಲಿ ಕಾಫಿ ಕೊಟ್ಟು ಖಾತರಿ ಹೇಳುವವರ ಮುಂದೆ ಇದನ್ನು ನೆನೆಯಿರಿ.

ಇಲ್ಲಿಂದ ಕಳಿಸುವುದಕ್ಕೂ ಮಿತಿಯಿದೆ: ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್. ತಂದೆ, ತಾಯಿ ಇಬ್ಬರೂ ತಮ್ಮ ತಮ್ಮ ಹಣವನ್ನು ಮಾರ್ಚ್‌ನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಕಳಿಸಿದರೆ 10 ಲಕ್ಷ ಡಾಲರ್‌ವರೆಗೆ ಆಗುತ್ತದೆ. 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಶೇಕಡಾ 20ರ ಟಿಸಿಎಸ್ ಬೇರೆ, ಅಂದರೆ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ. ಆಮೇಲೆ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಮೊದಲು ಕೈಯಿಂದ ಹೋಗಬೇಕು. ಇಷ್ಟಾದ ಮೇಲೆ ನಮ್ಮೂರಿನ ನಿಜವಾದ ತೊಡಕು ಎದುರಾಗುತ್ತದೆ. ಹೂಡಿದ ಹಣದ ಪ್ರತಿ ಡಾಲರಿಗೂ ಅಮೆರಿಕದ ವಲಸೆ ಇಲಾಖೆಗೆ ಮೂಲ ತೋರಿಸಬೇಕು. ಸೈಟು ಮಾರಿದೆ ಎಂದರೆ ಕ್ರಯಪತ್ರ ಕೇಳುತ್ತಾರೆ. ಅರ್ಧ ನಗದಿನಲ್ಲಿ ಕೈ ಬದಲಿಸಿದ ಸೈಟಿಗೆ ಕ್ರಯಪತ್ರದಲ್ಲಿರುವುದು ಉಳಿದರ್ಧ ಮಾತ್ರ.

ಬೆಂಗಳೂರಿನಲ್ಲಿರುವ ಹೆತ್ತವರು ಈಗಲೇ ಮಾಡಬಹುದಾದ ಕೆಲಸವೊಂದಿದೆ. ಹುಟ್ಟೂರೇ ಸಾಲನ್ನು ನಿರ್ಧರಿಸುವುದರಿಂದ ಜನನ ಪ್ರಮಾಣಪತ್ರ ಬಹಳ ಮುಖ್ಯ. ನಾಮಕರಣಕ್ಕೆ ಮೊದಲೇ ನೋಂದಾಯಿಸಿದ ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ಶಾಲೆಯ ದಾಖಲೆಯಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿದ ಊರು ಮತ್ತು ಅಪ್ಪನ ಹೆಸರು. ಟ್ರಂಕಿನ ತಳದಲ್ಲಿರುವ ಆ ಹಳೆಯ ಕಾಗದವನ್ನು ಇವತ್ತೇ ತೆಗೆದು, ಹೆಸರಿನ ಜಾಗ ತುಂಬಿದೆಯೇ ನೋಡಿ. ನಮಸ್ಕಾರ.