ಅಪಸ್ವರ ಬರಲಿ ಬಿಡಿ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತ ಎಲ್ಲ ಬರೆದಿಟ್ಟುಕೊಂಡಿದ್ದೆ. ಬೆಳಿಗ್ಗೆ ಒಂದು ಕಾಮೆಂಟ್ ಓದಿದೆ. ಬರೆದಿದ್ದನ್ನೆಲ್ಲ ಪಕ್ಕಕ್ಕಿಟ್ಟೆ.

ಹಿಂದಿನ ವಿಡಿಯೊದಲ್ಲಿ ನನ್ನ ಮಗಳು ಪಿಟೀಲು ಕಲಿಯುತ್ತಿದ್ದಾಳೆ ಅಂತ ಹೇಳಿದ್ದೆ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಇದರಿಂದ ಗಣಿತದಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತಾ? ಬರುತ್ತೆ ಅಂದ್ರೆ ನಮ್ಮ ಮಗನನ್ನೂ ಸೇರಿಸ್ತೀವಿ. ಇಲ್ಲಾಂದ್ರೆ ಸುಮ್ನೆ ಯಾಕೆ ಪಿಟೀಲು ಕುಯ್ಯೋದು?" ಅದಕ್ಕೆ ಲೈಕ್‌ಗಳು ಬೇರೆ!

ಸ್ವಾಮಿ, ಫುಟ್‌ಬಾಲ್ ಆಡಿದರೆ ವ್ಯಾಕರಣ ಬರುತ್ತಾ ಅಂತ ಯಾರಾದರೂ ಕೇಳುತ್ತಾರಾ? ಈಜು ಕಲಿಸುವಾಗ ಇತಿಹಾಸದ ಮಾರ್ಕ್ಸ್ ಲೆಕ್ಕ ಹಾಕುತ್ತೀರಾ? ಸಂಗೀತಕ್ಕೆ ಮಾತ್ರ ಯಾಕೆ ಈ ಪರೀಕ್ಷೆ?

ನಾನು ಹೇಳುವುದು ಒಂದೇ ಮಾತು. ವಾದ್ಯ ಕಲಿಯುವ ಮಗು ತನ್ನ ತಪ್ಪನ್ನು ತಾನೇ ಕೇಳಿಸಿಕೊಳ್ಳುತ್ತದೆ. ತಾನೇ ತಿದ್ದಿಕೊಳ್ಳುತ್ತದೆ. ಅಷ್ಟೇ. ಇದಕ್ಕಿಂತ ದೊಡ್ಡ ಲಾಭ ನನಗೆ ಬೇಡ.

ಮೊನ್ನೆ ನಡೆದದ್ದು ಹೇಳುತ್ತೇನೆ. ವೀಣೆಗೆ, ಗಿಟಾರಿಗೆ ಇರುವ ಹಾಗೆ ಪಿಟೀಲಿಗೆ ಮೆಟ್ಟಿಲುಗಳಿಲ್ಲ. ಬೆರಳು ಎಲ್ಲಿಡಬೇಕು ಅಂತ ಕಣ್ಣಿಗೆ ಕಾಣುವುದಿಲ್ಲ. ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ಕೆಡುತ್ತದೆ. ಮಗಳಿಗೆ ಮೂರನೇ ಬೆರಳಿನದೇ ತಕರಾರು. ಪ್ರತಿ ಸಲ ಸ್ವರ ಒಂಚೂರು ಕೆಳಗೇ ನಿಲ್ಲುತ್ತಿತ್ತು. ನಾನು ಬಾಗಿಲ ಹೊರಗೆ ನಿಂತಿದ್ದೆ. "ಬೆರಳು ಮುಂದೆ ಹಾಕು" ಅಂತ ಹೇಳಲು ಬಾಯಿ ತುರಿಸುತ್ತಿತ್ತು. ತಡೆದುಕೊಂಡೆ.

ಐದಾರು ಸಲ ಆಯಿತು. ಕಮಾನು ನಿಲ್ಲಿಸಿದಳು. ಹುಬ್ಬು ಗಂಟಿಕ್ಕಿದಳು. ಪಕ್ಕದ ದಪ್ಪ ತಂತಿಯ ಮೇಲೆ ಬೆರಳಿಡದೆ ಒಮ್ಮೆ ಕಮಾನು ಎಳೆದು ಕೇಳಿದಳು; ಅದೇ ಸ್ವರ ಕೆಳಗಿನ ಸ್ಥಾಯಿಯಲ್ಲಿ ಅಲ್ಲಿ ಸಿಗುತ್ತದೆ. ಮತ್ತೆ ತನ್ನ ತಂತಿಗೆ ಬಂದು ಬೆರಳನ್ನು ಮೆಲ್ಲಗೆ ಜಾರಿಸಿದಳು. ಸ್ವರ ಕೂತಿತು! ಆ ಸ್ವರ ಸರಿಯಾದ ಜಾಗಕ್ಕೆ ಬಿದ್ದರೆ ಪಕ್ಕದ ತಂತಿಯೂ ತಾನಾಗಿಯೇ ಅದುರುತ್ತದೆ, ಯಾರೂ ಮುಟ್ಟದಿದ್ದರೂ. ವಾದ್ಯ ಪೂರ್ತಿ ಗುಂಯ್ ಅನ್ನುತ್ತದೆ. ಅವಳ ಮುಖ ನೋಡಬೇಕಿತ್ತು ನೀವು.

ಯಾರೂ ಕೆಂಪು ಶಾಯಿಯಲ್ಲಿ ಗೀಟು ಹಾಕಲಿಲ್ಲ. ಯಾರೂ ಬೈಯಲಿಲ್ಲ. ಶಭಾಷ್ ಅಂತಲೂ ಹೇಳಲಿಲ್ಲ. ಅವಳ ಕಿವಿಯೇ ತಪ್ಪು ಅಂತು, ಅವಳ ಕಿವಿಯೇ ಸರಿ ಅಂತು. ಗಣಿತದ ಲೆಕ್ಕ ತಪ್ಪಾದರೆ ಗೊತ್ತಾಗಲು ಉತ್ತರ ನೋಡಬೇಕು. ಇಲ್ಲಿ ತಪ್ಪು ಆ ಕ್ಷಣದಲ್ಲೇ ಕಿವಿಗೆ ಬಡಿಯುತ್ತದೆ. ಅಲ್ವಾ?

ಇನ್ನು ಈ ಮಾರ್ಕ್ಸ್ ಹುಚ್ಚು ಎಲ್ಲಿಂದ ಬಂತು ಗೊತ್ತಾ? 1993ರಲ್ಲಿ 'ನೇಚರ್' ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಬಂತು. ಯೂರೋಪಿನ ಹೆಸರಾಂತ ಸಂಗೀತಗಾರ ಮೊಜಾರ್ಟ್‌ನ ಸಂಗೀತವನ್ನು 10 ನಿಮಿಷ ಕೇಳಿದವರು ಆಕಾರಗಳಿಗೆ ಸಂಬಂಧಿಸಿದ ಪರೀಕ್ಷೆಯಲ್ಲಿ ಸ್ವಲ್ಪ ಚೆನ್ನಾಗಿ ಮಾಡಿದರು ಅಂತ. ಪರೀಕ್ಷೆ ಬರೆದವರು ಕಾಲೇಜು ವಿದ್ಯಾರ್ಥಿಗಳು, ಮಕ್ಕಳಲ್ಲ. ಆ ಪರಿಣಾಮ ಉಳಿದದ್ದು ಹೆಚ್ಚೆಂದರೆ ಕಾಲು ಗಂಟೆ. ಅವರು ಕೇಳಿದ್ದು, ನುಡಿಸಿದ್ದಲ್ಲ! ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು ಬಜೆಟ್‌ನಲ್ಲಿ ಹಣ ಕೇಳಿದರು. ತೊಟ್ಟಿಲಲ್ಲಿ ಮಲಗಿಸಿ ಸಂಗೀತ ಹಾಕಿದರೆ ಜಾಣತನ ಬರುತ್ತೆ ಅಂತ ಜನ ನಂಬಿಬಿಟ್ಟರು.

ಪಾಠ ಕಲಿಸಿ ನೋಡಿದವರೂ ಇದ್ದಾರೆ. 2004ರಲ್ಲಿ ಶೆಲೆನ್‌ಬರ್ಗ್ ಅನ್ನುವ ಸಂಶೋಧಕರು 6 ವರ್ಷದ 144 ಮಕ್ಕಳ ಮೇಲೆ ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ಕೀಬೋರ್ಡ್, ಕೆಲವರಿಗೆ ಹಾಡು, ಕೆಲವರಿಗೆ ನಾಟಕ, ಉಳಿದವರಿಗೆ ಏನೂ ಇಲ್ಲ. ಸಂಗೀತ ಕಲಿತವರ ಐಕ್ಯೂ ಉಳಿದವರಿಗಿಂತ ಮೂರು ಅಂಕದಷ್ಟು ಹೆಚ್ಚು ಏರಿತು. ಬರೀ ಮೂರು. ನಂತರದ ಕೆಲವು ವಿಶ್ಲೇಷಣೆಗಳು ಅದನ್ನೂ ಒಪ್ಪಲಿಲ್ಲ. ಆ ಮೂರು ಅಂಕ ಬೇಕಾದರೆ ನೀವೇ ಇಟ್ಟುಕೊಳ್ಳಿ. ನನಗೆ ಆ ಮೂರನೇ ಬೆರಳು ಸಾಕು!

ಬೆರಳು ಅಂದಾಗ ನೆನಪಾಯಿತು. 1995ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಒಂದಿದೆ. ತಂತಿ ವಾದ್ಯ ನುಡಿಸುವವರ ಮಿದುಳಿನಲ್ಲಿ ಎಡಗೈ ಬೆರಳುಗಳ ಸ್ಪರ್ಶಕ್ಕೆ ಮೀಸಲಾದ ಜಾಗ ಬೇರೆಯವರಿಗಿಂತ ದೊಡ್ಡದಾಗಿ ಕಂಡಿತು. ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿದವರಲ್ಲಿ ಇನ್ನೂ ಜಾಸ್ತಿ. ಬೆರಳು ತಪ್ಪಿ, ತಿದ್ದಿ, ಮತ್ತೆ ತಪ್ಪಿ, ಮತ್ತೆ ತಿದ್ದಿ. ಸಾವಿರಾರು ಸಲ. ಅದು ಮಿದುಳಲ್ಲಿ ಗುರುತು ಉಳಿಸದೆ ಹೋಗುತ್ತಾ?

"ನಮ್ಮ ಮಗುವಿಗೆ ಸಂಗೀತ ಜ್ಞಾನ ಇಲ್ಲ" ಅನ್ನುತ್ತೀರಿ. ನಡೆಯಲು ಕಲಿಯುವಾಗ ನಡಿಗೆಯ ಜ್ಞಾನ ಇತ್ತಾ? ಬಿದ್ದಿತು, ಎದ್ದಿತು, ನಡೆಯಿತು. "ಮನೆಯಲ್ಲಿ ಗಲಾಟೆ" ಅನ್ನುತ್ತೀರಿ. ಹೌದು, ಗಲಾಟೆಯೇ. ಮೊದಲ ಮೂರು ತಿಂಗಳು ಕಮಾನು ತಂತಿಯ ಮೇಲೆ ಕಿರ್ರ್ ಅನ್ನುತ್ತದೆ, ತುಕ್ಕು ಹಿಡಿದ ಬಾಗಿಲಿನ ಹಾಗೆ. ಸಹಿಸಿಕೊಳ್ಳಿ. ಆ ಕಿರ್ರ್ ಮಗುವಿಗೂ ಕೇಳಿಸುತ್ತಿದೆ. ಕೇಳಿಸಬೇಕು! ಅದಕ್ಕೇ ಅಲ್ವಾ ಕಲಿಯುವುದು? "ಆ್ಯಪ್‌ನಲ್ಲಿ ಕಲಿತರೆ ಸಾಲದಾ" ಅಂತ ಇನ್ನೊಬ್ಬರು. ತಪ್ಪಾದಾಗ ಪರದೆ ಕೆಂಪಾಗುತ್ತದಂತೆ. ಅಯ್ಯೋ, ತಪ್ಪನ್ನು ಪರದೆ ಹೇಳಿದರೆ ಕಿವಿಗೆ ಏನು ಕೆಲಸ?

ಅಂದ ಹಾಗೆ, ಮನೆಯಲ್ಲಿ ಮಕ್ಕಳನ್ನು ಅಭ್ಯಾಸಕ್ಕೆ ಕೂರಿಸುವ ಬಗ್ಗೆ ನಾಲ್ಕು ಕಂತುಗಳ ಸರಣಿ ಮಾಡುತ್ತಿದ್ದೇನೆ. ಮೊದಲ ಕಂತು ಮುಂದಿನ ವಾರ ಬರುತ್ತದೆ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಮಕ್ಕಳು ಕಲಿಯುತ್ತಿದ್ದರೆ ಯಾವ ವಾದ್ಯ ಅಂತ ಕಾಮೆಂಟಿನಲ್ಲಿ ತಿಳಿಸಿ. ಎಲ್ಲವನ್ನೂ ಓದುತ್ತೇನೆ, ಇವತ್ತಿನದನ್ನು ಓದಿದ ಹಾಗೆ.

ಇನ್ನೊಂದು ಸಲ ಹೇಳಿಬಿಡುತ್ತೇನೆ, ಬೇಜಾರಾದರೂ ಕೇಳಿ. ಮಗು ನುಡಿಸುವಾಗ ತಿದ್ದಲು ಹೋಗಬೇಡಿ. ತಪ್ಪು ಅಂತ ಕೂಗಬೇಡಿ. ಮೊಬೈಲ್ ಹಿಡಿದು ನೆಂಟರಿಗೆ ಕಳಿಸಲು ರೆಕಾರ್ಡ್ ಮಾಡಬೇಡಿ. ಬಾಗಿಲ ಹೊರಗೆ ಸುಮ್ನೆ ನಿಲ್ಲಿ. ಅಪಸ್ವರ ಬರಲಿ ಬಿಡಿ. ಅದು ಮಗುವಿನ ಅಪಸ್ವರ, ಅದನ್ನು ಸರಿ ಮಾಡುವ ಖುಷಿಯೂ ಮಗುವಿನದೇ. ಅದನ್ನು ನೀವ್ಯಾಕೆ ಕಿತ್ತುಕೊಳ್ಳುತ್ತೀರಿ? ಯಾಕೆ?

ಸರಿ, ಪಕ್ಕದ ಕೋಣೆಯಲ್ಲಿ ಶುರುವಾಯಿತು. ಕೇಳಿಸುತ್ತಿದೆಯಾ? ಇದನ್ನು ಎಡಿಟ್ ಮಾಡಿ ತೆಗೆಯುವುದಿಲ್ಲ. ಇರಿ... ಮೂರನೇ ಬೆರಳು. ಕೆಳಗಾಯಿತು. ಇರಿ, ಇರಿ. ನಿಲ್ಲಿಸಿದಳು.