ದೇವಿಮನೆ ಘಟ್ಟಕ್ಕೆ ಒಂದು ನಿಮಿಷದ ಪಿಕಪ್

ಇದು ಕುಮಟಾ-ಶಿರಸಿ ರಸ್ತೆ, ಕತಗಾಲ ದಾಟಿದ ಮೇಲೆ. ಬೆಳಿಗ್ಗೆ ಏಳೂಕಾಲು. ಮಂಜು ಇನ್ನೂ ತೋಟಗಳ ಮೇಲಿಂದ ಎದ್ದಿಲ್ಲ. ಸ್ವಲ್ಪ ಮುಂದೆ ಹೋದರೆ ದೇವಿಮನೆ ಘಟ್ಟ ಶುರು. ಈಗ ನನ್ನ ಹೈಬ್ರಿಡ್ ಕಾರಿನ ಮೀಟರ್ ಕಡೆ ನೋಡಿ, ಬ್ಯಾಟರಿಯ ಚಿತ್ರ ಇದೆಯಲ್ಲ, ಅದರಲ್ಲಿ ಎಂಟು ಗೆರೆಗಳ ಪೈಕಿ ಆರು ತುಂಬಿವೆ. ಈ ಆರು ಗೆರೆಗಾಗಿಯೇ ನಾನು ಮಿರ್ಜಾನದಿಂದ ಇಲ್ಲಿಯವರೆಗೆ ಬೇರೆ ರೀತಿ ಓಡಿಸಿಕೊಂಡು ಬಂದಿದ್ದೇನೆ.

ಹೋದ ಬೇಸಿಗೆಯಲ್ಲಿ ಇದೇ ಘಟ್ಟದಲ್ಲಿ ನಡೆದದ್ದು ಮೊದಲು ಹೇಳಿಬಿಡುತ್ತೇನೆ. ಕಾರವಾರದಿಂದ ಶಿರಸಿಗೆ ಹೊರಟಿದ್ದೆವು. ಅಪ್ಪ, ಅಮ್ಮ, ಅಕ್ಕ, ಅವಳ ಮಗ, ನಾನು. ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ, ಇಪ್ಪತ್ತು ತೆಂಗಿನಕಾಯಿ, ದಾರಿಯಲ್ಲಿ ಕುಮಟಾ ಈರುಳ್ಳಿಯ ಎರಡು ಗೊಂಚಲು. ಮುಂದೆ ಜಲ್ಲಿ ತುಂಬಿದ ಲಾರಿ. ಒಂದು ನೇರ ರಸ್ತೆ ಸಿಕ್ಕಿತು, ಹಾರ್ನ್ ಹಾಕಿ ಬಲಕ್ಕೆ ಎಳೆದೆ, ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಜೋರಾಗಿ ಕೂಗಿತು. ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಲಾರಿಯ ಮಧ್ಯದ ಚಕ್ರದ ಪಕ್ಕದಲ್ಲಿದ್ದಾಗ ಎದುರಿನ ತಿರುವಿನಲ್ಲಿ ಬಸ್ಸಿನ ಮೂತಿ ಕಂಡಿತು. ಬ್ರೇಕ್ ಹಾಕಿ ಮತ್ತೆ ಲಾರಿಯ ಹಿಂದೆ ಸೇರಿಕೊಂಡೆ. ಹಿಂದಿನ ಸೀಟಿನಿಂದ ಅಮ್ಮ, "ಎಂತಕ್ಕೆ ಎಳೀತಿಲ್ಲೆ ಇದು?" ಅಂದರು. ನನ್ನ ಕೈ ನಡುಗುತ್ತಿತ್ತು. ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲೇಬೇಕು ಅನ್ನಿಸಿತು.

ನನ್ನದು ಸ್ಟ್ರಾಂಗ್ ಹೈಬ್ರಿಡ್, ಅಂದರೆ ಸ್ವಲ್ಪ ದೂರ ಬರೀ ಕರೆಂಟ್ ಮೋಟರಿನಲ್ಲೂ ಓಡಬಲ್ಲ ಪೆಟ್ರೋಲ್ ಕಾರು. ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೆ ಒಂದು ಮೋಟರ್. ಎಂಜಿನ್ನಿನ ಶಕ್ತಿ 90 ಹಾರ್ಸ್‌ಪವರ್ ಆಸುಪಾಸು, ಮೋಟರಿನದು 80ರ ಆಸುಪಾಸು. ಕೂಡಿಸಿದರೆ 170 ಆಗಬೇಕಲ್ವಾ? ಆಗುವುದಿಲ್ಲ. ಒಟ್ಟು ಸಿಗುವುದು 115ರ ಹತ್ತಿರ. ಯಾಕೆಂದರೆ ಮೋಟರಿಗೆ ಕರೆಂಟ್ ಬರುವುದು ಎರಡೇ ಕಡೆಯಿಂದ. ಒಂದು, ಪುಟ್ಟ ಬ್ಯಾಟರಿ. ಇನ್ನೊಂದು, ಅದೇ ಎಂಜಿನ್ ತಿರುಗಿಸುವ ಜನರೇಟರ್. ಎಂಜಿನ್ ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಮೋಟರಿಗೆ ಕೊಟ್ಟರೆ ಅದು ಹೊಸ ಶಕ್ತಿ ಆಗುವುದಿಲ್ಲ. ನಿಜವಾಗಿ ಮೇಲಿನಿಂದ ಸೇರುವುದು ಬ್ಯಾಟರಿ ಕೊಟ್ಟಷ್ಟು ಮಾತ್ರ.

ಎಂಜಿನ್ ಕೂಡ ಮೈಲೇಜಿಗಾಗಿಯೇ ಮಾಡಿದ್ದು. ಅಟ್ಕಿನ್ಸನ್ ಸೈಕಲ್ ಅನ್ನುತ್ತಾರೆ. ಗಾಳಿ ಒಳಗೆ ಬರುವ ವಾಲ್ವ್ ತಡವಾಗಿ ಮುಚ್ಚುತ್ತದೆ, ಒಳಗೆ ಬಂದದ್ದರಲ್ಲಿ ಸ್ವಲ್ಪ ವಾಪಸ್ ಹೊರಗೆ ಹೋಗುತ್ತದೆ. ಪೆಟ್ರೋಲ್ ಚೆನ್ನಾಗಿ ಉಳಿಯುತ್ತದೆ, ಎಳೆತ ಕಡಿಮೆಯಾಗುತ್ತದೆ. ಆ ಕೊರತೆ ತುಂಬುವುದಕ್ಕೆ ಮೋಟರ್ ಇದೆ. ಮೋಟರಿಗೆ ನಿಂತಲ್ಲಿಂದಲೇ ಪೂರ್ತಿ ಎಳೆತ ಇರುತ್ತದೆ, ಅದಕ್ಕೇ ಕಾರವಾರದ ಪೇಟೆಯೊಳಗೆ ಈ ಕಾರು ಚುರುಕಾಗಿ ಓಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಇದನ್ನು ನಾನು ಒಂದು ರಾತ್ರಿ ಕೂತು ನೋಟ್‌ಬುಕ್ಕಿನಲ್ಲಿ ಮಾಡಿದ್ದು, ಅದೇ ಪುಟ ತೋರಿಸುತ್ತಿದ್ದೇನೆ. ಕಾರು, ಜನ, ಸಾಮಾನು ಎಲ್ಲ ಸೇರಿ 1600 ಕಿಲೋ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಘಟ್ಟದಲ್ಲಿ 500 ಮೀಟರ್ ಏರುತ್ತೇವೆ ಅಂತ ಹಿಡಿಯಿರಿ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ಎರಡು ಯೂನಿಟ್‌ಗಿಂತ ಜಾಸ್ತಿ ಶಕ್ತಿ ಬೇಕು. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ನನ್ನ ಕಾರಿನ ಇಡೀ ಬ್ಯಾಟರಿ ಸುಮಾರು ಮುಕ್ಕಾಲು ಯೂನಿಟ್. ಅದರಲ್ಲೂ ಬ್ಯಾಟರಿ ಬಾಳಿಕೆ ಬರಲಿ ಅಂತ ಕಂಪ್ಯೂಟರ್ ಪೂರ್ತಿ ತುಂಬಲು ಬಿಡುವುದಿಲ್ಲ, ಪೂರ್ತಿ ಖಾಲಿಯಾಗಲೂ ಬಿಡುವುದಿಲ್ಲ. ಕೈಗೆ ಸಿಗುವುದು ಅರ್ಧ ಅಂತಿಟ್ಟುಕೊಳ್ಳಿ. ಬ್ಯಾಟರಿಯಿಂದ 20 ಕಿಲೋವ್ಯಾಟ್ ಎಳೆಯುತ್ತಾ ಹೋದರೆ ಅದು ಬರುವುದು ಒಂದು ನಿಮಿಷ ಚಿಲ್ಲರೆ.

ಒಂದು ನಿಮಿಷ. ಇಡೀ ಘಟ್ಟಕ್ಕೆ ನನ್ನ ಹತ್ತಿರ ಇರುವ ಹೆಚ್ಚಿನ ದಮ್ಮು ಅಷ್ಟೇ.

ಆ ದಿನ ಏನಾಗಿತ್ತು ಅಂತ ಆಗ ಗೊತ್ತಾಯಿತು. ದಿವಗಿಯಲ್ಲಿ ಹೈವೇ ಬಿಟ್ಟು ಶಿರಸಿ ರಸ್ತೆಗೆ ತಿರುಗಿದ ಮೇಲೆ ನಾನು ಆದಷ್ಟೂ ಎಂಜಿನ್ ಆಫ್ ಆಗುವ ಹಾಗೆ, ಬರೀ ಮೋಟರಿನಲ್ಲೇ ಓಡಿಸಿದ್ದೆ. ಹಸಿರು ಲೈಟ್ ಉರಿಯುತ್ತಿದ್ದರೆ ಖುಷಿ. ಘಟ್ಟದ ಬುಡಕ್ಕೆ ಬರುವಷ್ಟರಲ್ಲಿ ಎರಡೇ ಗೆರೆ ಉಳಿದಿದ್ದವು. ಮೊದಲ ಮೂರು ತಿರುವಿಗೆ ಅದೂ ಮುಗಿದಿತ್ತು. ಲಾರಿಯ ಪಕ್ಕಕ್ಕೆ ಹೋದಾಗ ನನ್ನ ಜೊತೆ ಇದ್ದದ್ದು ಬರೀ ಎಂಜಿನ್, ಐದು ಜನ, ಒಂದು ಮೂಟೆ ಅಕ್ಕಿ.

ಈಗ ಘಟ್ಟ ಇನ್ನೂ ಸಾಕಷ್ಟು ದೂರ ಇರುವಾಗಲೇ ಕೂಡಿಡಲು ಶುರು ಮಾಡುತ್ತೇನೆ. ಬರೀ ಮೋಟರಿನಲ್ಲಿ ಓಡಿಸಲು ಹೋಗುವುದಿಲ್ಲ. ಎಂಜಿನ್ ಹದವಾಗಿ ಓಡುತ್ತಿರುವಂತೆ ಕಾಲಿಡುತ್ತೇನೆ, ಅದು ಓಡುತ್ತಾ ಬ್ಯಾಟರಿ ತುಂಬುತ್ತದೆ. ಹಂಪ್, ಸೇತುವೆ, ಊರು ಬಂದರೆ ದೂರದಿಂದಲೇ ಮೆಲ್ಲಗೆ ಬ್ರೇಕ್ ಒತ್ತುತ್ತೇನೆ. ಮೆಲ್ಲಗೆ ಒತ್ತಿದರೆ ಮೋಟರೇ ಜನರೇಟರ್ ಆಗಿ ಗಾಡಿಯನ್ನು ನಿಧಾನ ಮಾಡುತ್ತದೆ, ಆ ಶಕ್ತಿ ಬ್ಯಾಟರಿಗೆ ಹೋಗುತ್ತದೆ. ಗಕ್ಕನೆ ಒತ್ತಿದರೆ ಪ್ಯಾಡ್ ಡಿಸ್ಕಿಗೆ ಉಜ್ಜಿ ಆ ಶಕ್ತಿಯಲ್ಲಿ ಹೆಚ್ಚಿನದು ಬಿಸಿಯಾಗಿ ಹಾಳಾಗುತ್ತದೆ. ಇನ್ನೊಂದು ಲಾಭ, ಎಂಜಿನ್ ಕೂಡ ಚೆನ್ನಾಗಿ ಬೆಚ್ಚಗಾಗಿರುತ್ತದೆ.

ಇಷ್ಟು ಮಾಡಿದ ಮೇಲೂ ನನಗೆ ಸಮಾಧಾನ ಇರಲಿಲ್ಲ. ಅಂಕೋಲಾದ ಆಚೆ ಹೈವೇ ಸಪಾಟಾಗಿದೆಯಲ್ಲ, ಅಲ್ಲಿ ಖಾಲಿ ಇರುವ ಹೊತ್ತು ನೋಡಿ 40ರಿಂದ 80ಕ್ಕೆ ಹೋಗಲು ಎಷ್ಟು ಹೊತ್ತು ಅಂತ ಅಳೆಯುತ್ತಿದ್ದೆ. ಗಾಡಿ ಹೊಸದಾಗಿದ್ದಾಗ ಇದ್ದದ್ದಕ್ಕಿಂತ ನಿಧಾನ ಆಗಿತ್ತು. ಬ್ಯಾಟರಿ ತುಂಬಿದ್ದಾಗಲೂ ಹಾಗೇ. ಹಾಗಾದರೆ ಎಲ್ಲೋ ಸೋರುತ್ತಿದೆ.

ಈ ಶಾಟ್ ಸ್ವಲ್ಪ ಹತ್ತಿರದಿಂದ ನೋಡಿ. ಹಿಂದಿನ ಸೀಟಿನ ಬದಿಯಲ್ಲಿ ಕೆಳಗೆ ಒಂದು ಜಾಲರಿ. ಬ್ಯಾಟರಿಯನ್ನು ತಂಪಾಗಿಡುವ ಫ್ಯಾನ್ ಗಾಳಿ ಎಳೆಯುವುದು ಇಲ್ಲಿಂದ. ಏನು ಕಾಣಿಸುತ್ತಿದೆ? ಕಂದು ಬಣ್ಣದ ನಾರು. ಅಡಿಕೆ ಸಿಪ್ಪೆಯ ನಾರು ಅದು. ಅದರ ಮೇಲೆ ಕೆಂಪು ಧೂಳು, ಧೂಳಿನ ಮೇಲೆ ಕಂಬಳಿಯ ಉಣ್ಣೆ, ಎಲ್ಲ ಸೇರಿ ಹಾಸಿಗೆಯ ಹಾಗೆ ಗಟ್ಟಿಯಾಗಿದೆ. ಬೆರಳಿನಿಂದ ಎತ್ತಿದರೆ ಒಂದೇ ಪದರವಾಗಿ ಕಿತ್ತು ಬಂತು. ಶಿರಸಿಯ ಮನೆಯಿಂದ ಅಡಿಕೆ ಚೀಲಗಳನ್ನು ಸೀಟಿನ ಮೇಲೆ ಹಾಕಿಕೊಂಡು ಬಂದದ್ದರ ಗುರುತು ಇದು. ಗಾಳಿ ಸಿಗದೆ ಬ್ಯಾಟರಿ ಬಿಸಿಯಾದರೆ ಕಂಪ್ಯೂಟರ್ ಅದರಿಂದ ಎಳೆಯುವ ಕರೆಂಟನ್ನೇ ಕಡಿಮೆ ಮಾಡುತ್ತದೆ. ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಇದು ಸಣ್ಣ ವಿಷಯವಲ್ಲ. ಗಾಡಿ ಆಫ್ ಮಾಡಿ, ವ್ಯಾಕ್ಯೂಮ್ ಹಿಡಿದು ಹೊರಗಿನ ಜಾಲರಿ ಮಾತ್ರ ಸ್ವಚ್ಛ ಮಾಡಿ. ಒಳಗೆ ಕಿತ್ತಳೆ ಬಣ್ಣದ ದಪ್ಪ ವೈರ್‌ಗಳಿರುತ್ತವೆ, ಅದು ಹೈ ವೋಲ್ಟೇಜ್. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ಎರಡನೆಯದು ನನಗೆ ಹೊಳೆದೇ ಇರಲಿಲ್ಲ. ಕಾರವಾರದ ಒಬ್ಬ ಹಿರಿಯ ಮೆಕ್ಯಾನಿಕ್ ತೋರಿಸಿಕೊಟ್ಟರು. "ಗಾಡಿ ಎಲ್ಲಿ ನಿಲ್ಲಿಸುತ್ತೀರಿ?" ಅಂತ ಕೇಳಿದರು. ಮನೆ ಕಡಲಿಗೆ ಹತ್ತಿರ, ಹೊರಗೇ ನಿಲ್ಲಿಸುತ್ತೇನೆ ಅಂದೆ. ಕೂಡಲೇ ಜ್ಯಾಕ್ ತಂದರು. ಹಿಂದಿನ ಬಲಗಡೆ ಚಕ್ರ ಎತ್ತಿ ಕೈಯಿಂದ ತಿರುಗಿಸಿದರು, ಆರಾಮಾಗಿ ಮೂರು ಸುತ್ತು ಬಂತು. ಎಡಗಡೆಯದು ಕರ್ ಅಂತ ಅರ್ಧ ಸುತ್ತಿಗೇ ನಿಂತಿತು. ಬಿಚ್ಚಿದಾಗ ಬ್ರೇಕ್ ಕ್ಯಾಲಿಪರಿನ ಪಿನ್ ಹೀಗಿತ್ತು, ನೋಡಿ. ಗ್ರೀಸ್ ಒಣಗಿ ಮೇಣದ ಹಾಗಾಗಿದೆ, ಮೇಲೆ ತುಕ್ಕು. ಪ್ಯಾಡ್ ಬಿಟ್ಟುಕೊಳ್ಳದೆ ಡಿಸ್ಕನ್ನು ಹಿಡಿದುಕೊಂಡೇ ಇತ್ತು. ನಾನು ಅಷ್ಟು ದಿನ ಬ್ರೇಕ್ ಹಾಕಿಕೊಂಡೇ ಘಟ್ಟ ಹತ್ತುತ್ತಿದ್ದೆ.

ಅವರು ಹೇಳಿದ ಕಾರಣ ನನಗೆ ತುಂಬಾ ಸರಿ ಅನ್ನಿಸಿತು. ಹೈಬ್ರಿಡ್‌ನಲ್ಲಿ ಮೋಟರೇ ಹೆಚ್ಚು ಬ್ರೇಕ್ ಮಾಡುವುದರಿಂದ ಪ್ಯಾಡ್‌ಗಳಿಗೆ ಕೆಲಸ ಕಡಿಮೆ. ಕೆಲಸ ಇಲ್ಲದ ಕಬ್ಬಿಣ, ಜೊತೆಗೆ ಉಪ್ಪು ಗಾಳಿ, ಆಮೇಲೆ ನಾಲ್ಕು ತಿಂಗಳ ಮಳೆ. ತುಕ್ಕು ಹಿಡಿಯದೆ ಇನ್ನೇನಾಗುತ್ತದೆ? ಪಿನ್ ಉಜ್ಜಿ, ಬ್ರೇಕಿನದೇ ಗ್ರೀಸ್ ಹಚ್ಚಿ ಕೂರಿಸಿದರು. ಈಗ ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಇದನ್ನು ಮಾಡಿಸುತ್ತೇನೆ. ಮನೆಯಲ್ಲೇ ಗೊತ್ತು ಮಾಡಿಕೊಳ್ಳಬೇಕಾದರೆ, ಒಂದು ಹತ್ತು ಕಿಲೋಮೀಟರ್ ಓಡಿಸಿ ಬಂದು ಪ್ರತಿ ಚಕ್ರದ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಜಾಸ್ತಿ ಬಿಸಿ ಹೊಡೆದರೆ ಅಲ್ಲೇ ತೊಂದರೆ.

ಟೈರಿನ ಗಾಳಿಯನ್ನೂ ನೋಡಿದೆ. 33 ಇರಬೇಕಾದ ಕಡೆ 27 ಇತ್ತು. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಪೂರ್ತಿ ಲೋಡಿಗೆ ಎಷ್ಟು ಅಂತ ಬೇರೆ ಬರೆದಿದ್ದರೆ ಘಟ್ಟಕ್ಕೆ ಹೋಗುವಾಗ ಅಷ್ಟು ಹಾಕಿಸಿ. ಜಾಲರಿ, ಬ್ರೇಕು, ಗಾಳಿ, ಮೂರೂ ಸರಿಯಾದ ಮೇಲೆ ಅದೇ ಹೈವೇಯಲ್ಲಿ ಅಳೆದೆ. 40ರಿಂದ 80ಕ್ಕೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಉಳಿದಿತ್ತು. ಹೊಸದಾಗಿ ಒಂದು ಪಾರ್ಟೂ ಹಾಕಿರಲಿಲ್ಲ.

ಪಾರ್ಟ್ ಅಂದ ಕೂಡಲೇ ಒಂದು ಮಾತು. ಆಕ್ಸಿಲರೇಟರ್ ವೈರಿಗೆ ಸಿಕ್ಕಿಸುವ ಸಣ್ಣ ಡಬ್ಬಿ ಮಾರುತ್ತಾರೆ. ಅದು ಮಾಡುವುದು ಇಷ್ಟೇ, ನೀವು ಕಾಲು ಭಾಗ ಒತ್ತಿದರೆ ಅರ್ಧ ಒತ್ತಿದ್ದೀರಿ ಅಂತ ಕಂಪ್ಯೂಟರಿಗೆ ಹೇಳುತ್ತದೆ. ಪೂರ್ತಿ ಒತ್ತಿದಾಗ ಸಿಗುವ ಶಕ್ತಿ ಅಷ್ಟೇ ಇರುತ್ತದೆ. ಕಾರಿನ ಪವರ್ ಮೋಡ್ ಕೂಡ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ, ಅದೂ ಪುಕ್ಕಟೆ. ಘಟ್ಟದಲ್ಲಿ ಇಕೋ ಮೋಡ್ ತೆಗೆದು ಅದನ್ನು ಹಾಕಿಕೊಳ್ಳಿ, ಸಾಕು. ದೊಡ್ಡ ಅಲಾಯ್ ಚಕ್ರ ಹಾಕಿಸಬೇಡಿ, ಭಾರ ಜಾಸ್ತಿಯಾಗಿ ಪಿಕಪ್ ಇನ್ನೂ ಬೀಳುತ್ತದೆ.

ಆಯಿತು, ಘಟ್ಟ ಶುರುವಾಗಿದೆ. ಇವತ್ತು ಎಲ್ಲರೂ ಇದ್ದೇವೆ, ಅಕ್ಕಿ ಮೂಟೆ ಮಾತ್ರ ಇಲ್ಲ. ಅಕ್ಕಿ ಶಿರಸಿಯಲ್ಲೇ ಸಿಗುತ್ತದೆ. ಐವತ್ತು ಕಿಲೋ ಇಳಿಸಿದರೆ ನೂರರಲ್ಲಿ ಮೂರು ಪಾಲು ಭಾರ ಕಡಿಮೆ.

ಎಂಜಿನ್ ಸದ್ದು ಕೇಳಿಸಿಕೊಳ್ಳಿ. ಒತ್ತಿದ ಕೂಡಲೇ ಸದ್ದು ಮೇಲೆ ಹೋಗುತ್ತದೆ, ವೇಗ ಆಮೇಲೆ ಬರುತ್ತದೆ. ಇಲ್ಲಿ ಮಾಮೂಲಿ ಗೇರ್‌ಗಳಿಲ್ಲ. ಎಂಜಿನ್ ತನ್ನ ಶಕ್ತಿ ಹೆಚ್ಚಿರುವ ಆರ್‌ಪಿಎಂಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಮೊದಲು ನನಗೆ ಆ ಸದ್ದು ಹೆದರಿಕೆ. ಕಾಲು ತೆಗೆಯುತ್ತಿದ್ದೆ, ಮತ್ತೆ ಒತ್ತುತ್ತಿದ್ದೆ. ಹಾಗೆ ಮಾಡಿದಾಗೆಲ್ಲ ಎಂಜಿನ್ ಕೆಳಗಿಳಿದು ಮತ್ತೆ ಮೇಲೇರಬೇಕು, ಆ ಹೊತ್ತು ದಂಡ. ಒತ್ತಿದರೆ ಒತ್ತಿಯೇ ಇಡಬೇಕು.

ಮುಂದೆ ಲಾರಿ ಸಿಕ್ಕಿತು. ಅದರ ವೇಗ 40. ನಾನು 60ರಲ್ಲಿ ದಾಟಬೇಕೆಂದರೆ ಏಳು ಸೆಕೆಂಡ್ ಬೇಕು. ಅಷ್ಟರಲ್ಲಿ ನಾನು ಸುಮಾರು 120 ಮೀಟರ್ ಹೋಗಿರುತ್ತೇನೆ, ಎದುರಿನಿಂದ 60ರಲ್ಲಿ ಬರುವವನೂ ಅಷ್ಟೇ ಬಂದಿರುತ್ತಾನೆ. ಅಂದರೆ ಕಣ್ಣಿಗೆ 240 ಮೀಟರ್ ಖಾಲಿ ರಸ್ತೆ ಕಾಣಬೇಕು. ದೇವಿಮನೆಯಲ್ಲಿ ಅಂಥ ಜಾಗ ಎಷ್ಟಿವೆ? ಬಹಳ ಕಡಿಮೆ. ಗೆರೆ ನಾಲ್ಕಿದ್ದರೂ ಈ ತಿರುವಿನಲ್ಲಿ ನಾನು ಹೋಗುವುದಿಲ್ಲ. ಎರಡು ತಿರುವು ಕಾದೆ. ಮೂರನೆಯ ತಿರುವು ಬಿಟ್ಟ ಮೇಲೆ ನೇರ ರಸ್ತೆ, ಎದುರು ಯಾರೂ ಇಲ್ಲ. ಎಸಿ ಆಫ್ ಮಾಡಿದೆ. ಹಾರ್ನ್, ಇಂಡಿಕೇಟರ್, ಕಾಲು ಪೂರ್ತಿ ಕೆಳಗೆ. ನೋಡಿ, ಹೋಯಿತು. ಗೆರೆ ಮೂರಕ್ಕೆ ಇಳಿಯಿತು. ಲಾರಿಯವರು ಕೈ ಬೀಸಿದರು, ನಾನೂ ಬೀಸಿದೆ.

ರಾಗಿಹೊಸಳ್ಳಿಯಲ್ಲಿ ಚಹಾ ಕುಡಿದು ಶಿರಸಿ ಮುಟ್ಟಿದೆವು. ಮನೆಯ ದೃಶ್ಯಗಳನ್ನು ಇದರಲ್ಲಿ ಹಾಕಿಲ್ಲ.

ಇದು ಮಾರನೆಯ ದಿನ ಇಳಿಯುವಾಗ ತೆಗೆದದ್ದು. ಇಳಿಜಾರಿನಲ್ಲಿ ಬ್ಯಾಟರಿ ಬೇಗ ತುಂಬಿಬಿಡುತ್ತದೆ. ತುಂಬಿದ ಮೇಲೆ ಮೋಟರಿನ ಬ್ರೇಕಿಗೆ ಶಕ್ತಿ ಹಾಕಲು ಜಾಗ ಇರುವುದಿಲ್ಲ, ಪೂರ್ತಿ ಭಾರ ಪ್ಯಾಡಿನ ಮೇಲೆ ಬೀಳುತ್ತದೆ. ಅದಕ್ಕೆ ಗೇರ್ ಲಿವರಿನಲ್ಲಿ ಬಿ ಅಂತ ಇದೆ. ಅದಕ್ಕೆ ಹಾಕಿದರೆ ಎಂಜಿನ್ ಪೆಟ್ರೋಲ್ ಕುಡಿಯದೆ ಸುಮ್ನೆ ತಿರುಗಿ ಗಾಡಿಯನ್ನು ಹಿಡಿಯುತ್ತದೆ. ಆ ಗುಂಯ್ ಸದ್ದು ಅದರದ್ದೇ. ಕತಗಾಲಕ್ಕೆ ಬಂದಾಗ ಎಂಟೂ ಗೆರೆ ತುಂಬಿದ್ದವು. ಅಲ್ಲಿಂದ ದಿವಗಿಯ ಕಡೆಗೆ ಹಸಿರು ಲೈಟ್ ಹಾಕಿಕೊಂಡು ಮೋಟರಿನಲ್ಲೇ ಹೊರಟೆವು. ಮುಂದೆ ಏರು ಇರಲಿಲ್ಲ.