ಬೈಪಾಸ್ ಪಕ್ಕದ ಗೇಟು

ಕೇಳುಗರಿಗೆ ನಮಸ್ಕಾರ. ಹಾಸನದ ಬಿ.ಎಂ. ರಸ್ತೆ ಅಂದರೆ ಬೆಂಗಳೂರು–ಮಂಗಳೂರು ರಸ್ತೆ. ಬೈಪಾಸ್ ಆಗುವ ಮೊದಲು ಘಟ್ಟ ಹತ್ತಿ ಬಂದ ಟ್ಯಾಂಕರ್, ಲಾರಿ, ರಾತ್ರಿ ಬಸ್ಸು ಎಲ್ಲವೂ ಊರೊಳಗೇ ಹಾಯಬೇಕಿತ್ತು. ಈಗ ರಾಷ್ಟ್ರೀಯ ಹೆದ್ದಾರಿ 75 ಊರಾಚೆ ಹೋಗುತ್ತದೆ, ವ್ಯಾಪಾರವೂ ಅದರ ಬೆನ್ನು ಹತ್ತಿದೆ. ಮೇಲ್ಸೇತುವೆ, ಸರ್ವಿಸ್ ರಸ್ತೆ, ಊರಿನ ರಸ್ತೆ ಮೂರೂ ಕೂಡುವಲ್ಲಿ ಜಾಗಕ್ಕೆ ಬೆಲೆ ಜಾಸ್ತಿ. ಹೋಟೆಲು, ಗೋದಾಮು, ಕಲ್ಯಾಣ ಮಂಟಪ, ಮಳಿಗೆ ಬರಲಿ. ಆದರೆ ನಕ್ಷೆ ಬಿಚ್ಚಿದಾಗ ಎಷ್ಟು ಮಹಡಿ, ಎಷ್ಟು ಪಾರ್ಕಿಂಗ್ ಅಂತ ಎಲ್ಲರೂ ಕೇಳುತ್ತಾರೆ. ಗೇಟ್ ಎಲ್ಲಿ ಅಂತ ಕೇಳುವವರು ಅಪರೂಪ. ಜಾಮ್ ಹುಟ್ಟುವುದು ಗೇಟಿನಲ್ಲಿ.

ಒಂದು ಸಣ್ಣ ಲೆಕ್ಕ ಹಾಕೋಣ. ಗೇಟಿನಲ್ಲಿ ಒಂದೇ ತಡೆಕೋಲು ಇದೆ. ಚೀಟಿ ಹರಿದು ಕೊಟ್ಟು, ಕೋಲೆತ್ತಿ ಒಂದು ಕಾರು ಒಳಗೆ ಬಿಡಲು 12 ಸೆಕೆಂಡು ಅಂದುಕೊಳ್ಳಿ. ಗಂಟೆಗೆ 300 ಕಾರು. ಆ ಗಂಟೆಯಲ್ಲಿ ಬಂದದ್ದು 360 ಆದರೆ, ಕೊನೆಗೆ 60 ಕಾರು ಹೊರಗೆ. ಒಂದೊಂದಕ್ಕೆ 7 ಮೀಟರ್ ಹಿಡಿದರೂ 420 ಮೀಟರ್ ಸಾಲು. ಒಳಗೆ ಪಾರ್ಕಿಂಗ್ ಅರ್ಧ ಖಾಲಿಯೇ ಇರಬಹುದು, ಸಾಲು ಮಾತ್ರ ಸರ್ವಿಸ್ ರಸ್ತೆ ತುಂಬಿ, ಹೆದ್ದಾರಿಯಿಂದ ಇಳಿಯುವ ದಾರಿಗೆ ಹತ್ತಿ, ಮುಖ್ಯ ರಸ್ತೆಗೆ ಬಾಲ ಚಾಚುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವವನಿಗೆ ಗಾಡಿ ನಿಲ್ಲಿಸಲು ಸುಮಾರು 120 ಮೀಟರ್ ಬೇಕು. ಅದರಲ್ಲಿ 55 ಮೀಟರ್, ಕಂಡದ್ದನ್ನು ಗ್ರಹಿಸಿ ಬ್ರೇಕ್ ಒತ್ತುವ ಎರಡೂವರೆ ಸೆಕೆಂಡಿನಲ್ಲೇ ಹೋಗಿಬಿಡುತ್ತದೆ. ಬಾಲ ತಿರುವಿನ ಮರೆಯಲ್ಲಿದ್ದರೆ, ಅದೂ ಆಷಾಢದ ಜಡಿಮಳೆಯಲ್ಲಿ, ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಮದ್ದೇನೂ ದೊಡ್ಡದಲ್ಲ: ತಡೆಕೋಲನ್ನು ರಸ್ತೆ ಅಂಚಿನಿಂದ ಒಳಕ್ಕೆ ತಳ್ಳಿ, ಸಾಲು ಆವರಣದೊಳಗೇ ನಿಲ್ಲಬೇಕು. ಎರಡು ಕೋಲಿದ್ದರೆ ಗಂಟೆಗೆ 600.

ಕಲ್ಯಾಣ ಮಂಟಪದ್ದು ಇನ್ನೂ ಕಷ್ಟ. ಮುಹೂರ್ತ ಒಂದೇ, ಆದ್ದರಿಂದ ಜನವೂ ಒಂದೇ ಗಂಟೆಯಲ್ಲಿ. ಬಾಡಿಗೆ ಬಸ್ಸಿಗೆ ಒಳಗೆ ತಿರುಗಲು ಜಾಗವಿಲ್ಲದಿದ್ದರೆ ಚಾಲಕ ಸರ್ವಿಸ್ ರಸ್ತೆಯಲ್ಲೇ ಬೀಗರನ್ನು ಇಳಿಸುತ್ತಾನೆ. ಅವನನ್ನು ಬೈದು ಫಲವಿಲ್ಲ.

ಗಾಡಿ ಎಣಿಸುವುದರಲ್ಲೂ ಎಡವುತ್ತೇವೆ. ಊರಾಚೆಯ ರಸ್ತೆಗೆ, ರಸ್ತೆ ಕಟ್ಟುವ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಕಾರು ಒಂದು ಘಟಕವಾದರೆ ಬೈಕ್ ಅರ್ಧ, ಬಸ್ಸು ಲಾರಿ 3, ಟ್ರೈಲರ್ ಕಟ್ಟಿದ ಟ್ರ್ಯಾಕ್ಟರ್ ನಾಲ್ಕೂವರೆ. ಶುಂಠಿ, ಆಲೂಗಡ್ಡೆ ಹೊತ್ತ 10 ಟ್ರ್ಯಾಕ್ಟರ್ ಅಂದರೆ 45 ಕಾರಿಗೆ ಸಮ. ಸುಮ್ಮನೆ ತಲೆ ಎಣಿಸಿದರೆ ಇದು ಕಾಣುವುದಿಲ್ಲ. ಬುಧವಾರ ಬೆಳಿಗ್ಗೆ ಎಣಿಸಿ ವರದಿ ಬರೆದರೂ ಅಷ್ಟೆ. ಭಾನುವಾರ ಸಂಜೆ ಧರ್ಮಸ್ಥಳ, ಸಕಲೇಶಪುರದ ಕಡೆಯಿಂದ ಕಾರುಗಳು ಮರಳುವ ಹೊತ್ತು, ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದ ದಿನಗಳು, ಇವನ್ನು ಬಿಟ್ಟ ಎಣಿಕೆ ಹಾಸನದ ಎಣಿಕೆಯಲ್ಲ.

ಇನ್ನು ಎದುರು ದಿಕ್ಕಿನ ಓಡಾಟ. ಗೇಟಿನಿಂದ ಹೊರಬಂದವನು ಎಡಕ್ಕೇ ತಿರುಗಬೇಕು. ಊರಿಗೆ ಹೋಗಲು ತಿರುವು ಒಂದೆರಡು ಕಿಲೋಮೀಟರ್ ಆಚೆ. ಬೈಕಿನವರು, ಆಟೊದವರು ಅಷ್ಟು ಸುತ್ತುವುದಿಲ್ಲ, ರಾಂಗ್ ಸೈಡಿನಲ್ಲಿ ನುಗ್ಗುತ್ತಾರೆ. ಅಲ್ಲೊಂದು ಫಲಕ ನೆಟ್ಟು ಕೈತೊಳೆದುಕೊಳ್ಳುವ ಅಭ್ಯಾಸವಿದೆ. ಆಗಬೇಕಾದ್ದು ಸರ್ವಿಸ್ ರಸ್ತೆಯಿಂದಲೇ ಕೆಳಸೇತುವೆಗೆ ತಲುಪುವ ದಾರಿ.

ಚರಂಡಿಯನ್ನೂ ನೋಡಿ. ಗೇಟಿಗಾಗಿ ರಸ್ತೆಬದಿ ಚರಂಡಿಗೆ ಸಣ್ಣ ಪೈಪ್ ಹಾಕಿ ಮಣ್ಣು ಮುಚ್ಚುತ್ತಾರೆ. ಜುಲೈ ಮಳೆಗೆ ಅದು ಕಟ್ಟಿಕೊಂಡು ನೀರು ಡಾಂಬರಿನ ಮೇಲೆ ನಿಂತು ಅಂಚು ಕಿತ್ತು ಹೋಗುತ್ತದೆ.

ಕಾನೂನೇನೋ ಇದೆ. ರಾಷ್ಟ್ರೀಯ ಹೆದ್ದಾರಿಗೆ ದಾರಿ ತೆರೆಯಲು 2002ರ ಹೆದ್ದಾರಿ ನಿಯಂತ್ರಣ ಕಾಯ್ದೆಯಂತೆ ಅನುಮತಿ ಬೇಕು. ಜಮೀನು ಪರಿವರ್ತನೆ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಬೇರೆಯೇ ಕಡತ. ಕಟ್ಟಡದ ನಕ್ಷೆ ಮತ್ತೊಂದು ಕಚೇರಿ. ಮೂರು ಕಡತ ಒಂದನ್ನೊಂದು ಕಾಣದೆ ಓಡಾಡಿದರೆ ಕಟ್ಟಡ ಮೊದಲು ಏಳುತ್ತದೆ, ಗೇಟಿನ ಮಾತು ಆಮೇಲೆ. ಇಂಥ ಕಟ್ಟಡಕ್ಕೆ ಆಕ್ಷೇಪಣೆ ಸಲ್ಲಿಸುವವರು ಟ್ರಾಫಿಕ್ ಹೆಚ್ಚುತ್ತದೆ ಅಂತಷ್ಟೇ ಬರೆಯಬೇಡಿ. ಇಳಿದಾರಿಯ ತುದಿಯಿಂದ ಗೇಟಿಗೆ ಎಷ್ಟು ಮೀಟರ್, ತಡೆಕೋಲು ಎಷ್ಟು ಒಳಗೆ, ಬಸ್ಸು ತಿರುಗುವುದೆಲ್ಲಿ, ಚರಂಡಿಯ ಪೈಪಿನ ಅಗಲವೆಷ್ಟು, ಈ ನಾಲ್ಕನ್ನು ನಕ್ಷೆಯ ಮೇಲೆ ಗುರುತಿಸಿ ಕೊಡಿ ಅಂತ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಮಸ್ಕಾರ.